ಡಗ್ ಫ್ಲೂಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಸ್ಟನ್‌ನಿಂದ ಪಶ್ಚಿಮಕ್ಕೆ ಸುಮಾರು ಅರ್ಧ ಗಂಟೆ ಕಾರಿನಲ್ಲಿ ಹೋದರೆ ನೇಟಿಕ್ ಅನ್ನುವ ಊರು ಸಿಗುತ್ತದೆ. ಅಲ್ಲಿ ಎರಡು ದೊಡ್ಡ ಮಾಲ್‌ಗಳ ನಡುವೆ ಒಂದು ತುಂಡು ರಸ್ತೆ ಇದೆ. ಹೆಸರು ಫ್ಲೂಟಿ ಪಾಸ್. ಊರಿಂದ ಬಂದ ನೆಂಟರು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು, ಎಲ್ಲರೂ ಆ ಬೋರ್ಡ್ ನೋಡಿ ಕೇಳುವುದು ಒಂದೇ: ಯಾರಿದು ಫ್ಲೂಟಿ? ಉತ್ತರ ಹೇಳೋಕೆ ಆ ತುಂಡು ರಸ್ತೆ ಸಾಲುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಚಿಕ್ಕದಾಗಿ ಹೇಳಿ, ಯಾರು ಇವರು?

1981ರಿಂದ 1984ರವರೆಗೆ ಬಾಸ್ಟನ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆಡಿದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು. ಹುಟ್ಟಿದ್ದು 1962ರಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ. ಆಮೇಲೆ ಮನೆಯವರು ಫ್ಲಾರಿಡಾಕ್ಕೆ ಹೋದರು, ಅಲ್ಲಿಂದ ನೇಟಿಕ್‌ಗೆ ಬಂದರು. ಹೈಸ್ಕೂಲು ನೇಟಿಕ್‌ನಲ್ಲೇ. 1984ರಲ್ಲಿ ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ, 2007ರಲ್ಲಿ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್, ಅಂದರೆ ಕಾಲೇಜು ಆಟದ ಶ್ರೇಷ್ಠರ ಸಾಲಿನಲ್ಲಿ ಜಾಗ.

ಜನ ಇವರನ್ನು ಒಂದೇ ಒಂದು ಎಸೆತಕ್ಕೆ ನೆನಪಿಟ್ಟುಕೊಂಡಿದ್ದಾರೆ. ಆ ಎಸೆತ ನಿಜಕ್ಕೂ ಅಂಥದ್ದೇ, ಕೆಳಗೆ ಬರೆದಿದ್ದೇನೆ. ಆದರೆ ಗೌರವ ಸಿಕ್ಕಿದ್ದು ಆ ಎಸೆತಕ್ಕಲ್ಲ, ಅದರ ಹಿಂದಿನ ನಾಲ್ಕು ವರ್ಷದ ಆಟಕ್ಕೆ. ಈ ಒಂದು ಮಾತು ಹೇಳೋಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಫುಟ್‌ಬಾಲ್ ಅಂದ್ರೆ ನಮ್ಮ ಫುಟ್‌ಬಾಲಾ?

ಅಲ್ಲ. ನಮ್ಮ ಫುಟ್‌ಬಾಲನ್ನು ಅಮೆರಿಕದವರು ಸಾಕರ್ ಅನ್ನುತ್ತಾರೆ. ಇವರ ಫುಟ್‌ಬಾಲ್ ಅಂದರೆ ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಒಂದೊಂದು ಕಡೆ 11 ಜನ. ಮೈದಾನ 100 ಗಜ ಉದ್ದ, ಎರಡೂ ತುದಿಗೆ ಇನ್ನೊಂದು 10 ಗಜದ ಪಟ್ಟಿ, ಅದಕ್ಕೆ ಎಂಡ್ ಝೋನ್ ಅಂತ ಹೆಸರು. ಚೆಂಡು ಯಾರ ಹತ್ತಿರ ಇದೆಯೋ ಆ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡಿನ ಜೊತೆ ಎಂಡ್ ಝೋನ್ ಸೇರಿದರೆ ಟಚ್‌ಡೌನ್, 6 ಅಂಕ, ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಹೆಚ್ಚುವರಿ ಅಂಕ. ಕಬಡ್ಡಿ ಆಡಿದವರಿಗೆ ಗೆರೆ ಮುಟ್ಟುವ ಆಸೆ, ಮೈಮೇಲೆ ಬಿದ್ದು ಹಿಡಿಯುವವರ ಭಾರ, ಎರಡೂ ಗೊತ್ತಿರುತ್ತವೆ. ಇದು ಅರ್ಥವಾಗೋಕೆ ಜಾಸ್ತಿ ಹೊತ್ತು ಬೇಕಿಲ್ಲ.

ಕ್ವಾರ್ಟರ್‌ಬ್ಯಾಕ್ ಏನು ಮಾಡ್ತಾರೆ? ಎತ್ತರದ ಮಾತು ಯಾಕೆ ಬರುತ್ತೆ?

ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅದನ್ನು ಓಡುವವನಿಗೆ ಕೊಡಬೇಕಾ, ದೂರ ಇರುವವನಿಗೆ ಎಸೆಯಬೇಕಾ, ತಾನೇ ಹಿಡಿದು ಓಡಬೇಕಾ ಅಂತ ತೀರ್ಮಾನ ಮಾಡೋಕೆ ಇರುವುದು ಎರಡು ಮೂರು ಸೆಕೆಂಡು, ಅಷ್ಟರಲ್ಲಿ ಎದುರಿನ ದೈತ್ಯರು ಅವನನ್ನು ನೆಲಕ್ಕೆ ಕೆಡವೋಕೆ ನುಗ್ಗಿ ಬರುತ್ತಿರುತ್ತಾರೆ.

ಎತ್ತರದ ಮಾತು ಬರುವುದು ಇಲ್ಲೇ. ಕ್ವಾರ್ಟರ್‌ಬ್ಯಾಕ್ ಮುಂದೆ ಅವನನ್ನು ಕಾಯುವವರ ಗೋಡೆ ಇರುತ್ತದೆ, ಒಬ್ಬೊಬ್ಬರೂ ಆರಡಿಗಿಂತ ಎತ್ತರ. ಆ ಗೋಡೆಯ ಮೇಲಿಂದ ನೋಡಿ ಎಸೆಯಬೇಕು. ಅದಕ್ಕೇ ತರಬೇತುದಾರರು ಎತ್ತರದ ಹುಡುಗರನ್ನೇ ಹುಡುಕುತ್ತಾರೆ. ಫ್ಲೂಟಿ ಎತ್ತರ 5 ಅಡಿ 10 ಇಂಚು. ನಮ್ಮೂರಲ್ಲಿ ಇವರನ್ನು ಯಾರೂ ಕುಳ್ಳ ಅನ್ನುವುದಿಲ್ಲ, ಆದರೆ ಈ ಆಟದಲ್ಲಿ ಇವರು ಕುಳ್ಳರೇ. ಹೈಸ್ಕೂಲಿನಿಂದ ಹಿಡಿದು ನಿವೃತ್ತಿವರೆಗೂ ಆ ಮಾತು ಇವರ ಬೆನ್ನು ಬಿಡಲಿಲ್ಲ.

ಗೋಡೆಯ ಮೇಲಿಂದ ಕಾಣದಿದ್ದರೆ ಗೋಡೆಯ ಪಕ್ಕಕ್ಕೆ ಹೋಗಬೇಕು, ಫ್ಲೂಟಿ ಮಾಡಿದ್ದು ಅದನ್ನೇ. ಚೆಂಡು ಕೈಗೆ ಬಂದ ತಕ್ಷಣ ನಿಂತಲ್ಲಿ ನಿಲ್ಲದೆ ಬಲಕ್ಕೋ ಎಡಕ್ಕೋ ಓಡುತ್ತಿದ್ದರು. ಹಿಡಿಯೋಕೆ ಬಂದವನಿಂದ ನುಣುಚಿಕೊಂಡು, ಜಾಗ ಮಾಡಿಕೊಂಡು, ಓಡುತ್ತಲೇ ಎಸೆಯುತ್ತಿದ್ದರು. ಹಳೇ ವಿಡಿಯೊಗಳಲ್ಲಿ ನೋಡಿ, ಎದುರಾಳಿ ಕೈ ಚಾಚಿದಾಗ ಇವರು ಅಲ್ಲಿರುವುದೇ ಇಲ್ಲ.

ಬಾಸ್ಟನ್ ಕಾಲೇಜು ಎಂಥದ್ದು? ಅಲ್ಲಿಗೆ ಹೇಗೆ ಸೇರಿದರು?

ಹೆಸರಲ್ಲಿ ಕಾಲೇಜು, ಆದರೆ ಅದು ವಿಶ್ವವಿದ್ಯಾಲಯ. 1863ರಲ್ಲಿ ಶುರುವಾಗಿದ್ದು. ನಡೆಸುವವರು ಜೆಸ್ವಿಟ್ ಪಾದ್ರಿಗಳು. ಮಂಗಳೂರಿನ ಸೇಂಟ್ ಅಲೋಶಿಯಸ್, ಬೆಂಗಳೂರಿನ ಸೇಂಟ್ ಜೋಸೆಫ್ಸ್ ನಡೆಸುವವರೂ ಅದೇ ಸಂಘದವರು, ಹಾಗಾಗಿ ಅಲ್ಲಿ ಓದಿದವರಿಗೆ ಈ ಕಾಲೇಜಿನ ವಾತಾವರಣ ಪೂರ್ತಿ ಅಪರಿಚಿತ ಅನ್ನಿಸಲಿಕ್ಕಿಲ್ಲ.

ಓದಿಗೆ ಒಳ್ಳೇ ಹೆಸರಿತ್ತು. ಫುಟ್‌ಬಾಲ್ ಕಥೆ ಬೇರೆ. 1978ರಲ್ಲಿ ಈ ತಂಡ ಆಡಿದ 11 ಪಂದ್ಯಗಳಲ್ಲಿ ಹನ್ನೊಂದನ್ನೂ ಸೋತಿತ್ತು! ಮೂರು ವರ್ಷ ಕಳೆದು ಜ್ಯಾಕ್ ಬಿಕ್ನೆಲ್ ಹೊಸ ಕೋಚ್ ಆಗಿ ಬಂದರು, ಅದೇ ವರ್ಷ ಫ್ಲೂಟಿಯೂ ಬಂದರು. ದೊಡ್ಡ ಮಟ್ಟದ ತಂಡಗಳಲ್ಲಿ ಇವರಿಗೆ ಸ್ಕಾಲರ್‌ಶಿಪ್ ಕೊಡೋಕೆ ಮುಂದೆ ಬಂದಿದ್ದು ಮನೆ ಹತ್ತಿರದ ಈ ಒಂದೇ ಕಾಲೇಜು.

ಮೊದಲ ವರ್ಷ ಇವರು ಬೆಂಚಿನಲ್ಲಿ ಕೂತವರೇ, ಸರದಿಯಲ್ಲಿ ಬಹಳ ಹಿಂದೆ. ಪೆನ್ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ ತಂಡ 38-0ರಿಂದ ಹಿಂದೆ ಬಿದ್ದು ಇನ್ನೇನೂ ಉಳಿದಿಲ್ಲ ಅನ್ನುವಾಗ ಬಿಕ್ನೆಲ್ ಈ ಹುಡುಗನನ್ನು ಇಳಿಸಿದರು. ಫ್ಲೂಟಿ ಒಂದು ಟಚ್‌ಡೌನ್ ಎಸೆದರು, ಪಂದ್ಯ 38-7ಕ್ಕೆ ಮುಗಿಯಿತು. ಸೋತ ಪಂದ್ಯದ ಆ 7 ಅಂಕಗಳು ನನಗೆ ಮುಂದಿನ ಎಷ್ಟೋ ಗೆಲುವಿಗಿಂತ ಇಷ್ಟ, ಯಾಕಂದರೆ ಅಲ್ಲಿಂದ ಮೂರೂವರೆ ವರ್ಷ ಆ ಜಾಗ ಇವರದ್ದೇ ಆಯಿತು. 1982ರಲ್ಲಿ ತಂಡ ನಾಲ್ಕು ದಶಕಗಳ ನಂತರ ಮೊದಲ ಸಲ ಬೌಲ್ ಪಂದ್ಯಕ್ಕೆ ಹೋಯಿತು. ಬೌಲ್ ಅಂದರೆ ಚೆನ್ನಾಗಿ ಆಡಿದ ತಂಡಗಳಿಗೆ ಸೀಸನ್ ಕೊನೆಗೆ ಸಿಗುವ ವಿಶೇಷ ಪಂದ್ಯ.

ಆಡಿದ್ದಕ್ಕೆ ದುಡ್ಡು ಸಿಗ್ತಿತ್ತಾ?

ಇಲ್ಲ. ಫೀಸು, ಊಟ, ವಸತಿ ಕೊಡುವ ಸ್ಕಾಲರ್‌ಶಿಪ್ ಅಷ್ಟೇ. ಈಗ ಹಾಗಲ್ಲ, 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು. ಫ್ಲೂಟಿ ಕಾಲದಲ್ಲಿ ಅದು ನಿಯಮಕ್ಕೆ ವಿರುದ್ಧ. ಸ್ಟೇಡಿಯಂ ಮಾತ್ರ ಆಗಲೂ ತುಂಬುತ್ತಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ನಮ್ಮ ಇಂಟರ್ ಕಾಲೇಜ್ ಪಂದ್ಯಗಳನ್ನು ಮನಸ್ಸಲ್ಲಿಟ್ಟುಕೊಂಡರೆ ಇದರ ಗಾತ್ರ ಗೊತ್ತಾಗುವುದಿಲ್ಲ.

ಆ ಎಸೆತದ ಕಥೆ ಪೂರ್ತಿ ಹೇಳಿ.

1984ರ ನವೆಂಬರ್ 23, ಶುಕ್ರವಾರ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಎಲ್ಲರಿಗೂ ರಜೆ, ಎಲ್ಲರೂ ಮನೆಯಲ್ಲಿ ಟಿವಿ ಮುಂದೆ. ಜಾಗ ಮಯಾಮಿಯ ಆರೆಂಜ್ ಬೌಲ್ ಸ್ಟೇಡಿಯಂ. ಎದುರಾಳಿ ಮಯಾಮಿ ವಿಶ್ವವಿದ್ಯಾಲಯ, ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್. ಅವರ ಕೋಚ್ ಜಿಮ್ಮಿ ಜಾನ್ಸನ್ (ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ಸಲ ಬರುತ್ತದೆ). ಅವರ ಕ್ವಾರ್ಟರ್‌ಬ್ಯಾಕ್ ಬರ್ನಿ ಕೊಸಾರ್. ಮಳೆ ಬೇರೆ, ಗಾಳಿ ಬೇರೆ.

ಇಬ್ಬರೂ ಅವತ್ತು ಎಸೆದಿದ್ದು ನೋಡಿದರೆ ಮಳೆ ಅಂತ ಅನ್ನಿಸುವುದೇ ಇಲ್ಲ. ತಮ್ಮ ಎಸೆತಗಳಿಂದ ತಂಡಕ್ಕೆ ಗಳಿಸಿಕೊಟ್ಟ ಒಟ್ಟು ದೂರ ಕೊಸಾರ್ 447 ಗಜ, ಫ್ಲೂಟಿ 472 ಗಜ. ಒಂದು ಸಲ ಇವರು ಮುಂದೆ, ಒಂದು ಸಲ ಅವರು ಮುಂದೆ. ಕೊನೆಗೆ 28 ಸೆಕೆಂಡು ಉಳಿದಿರುವಾಗ ಮಯಾಮಿಯ ಮೆಲ್ವಿನ್ ಬ್ರಾಟನ್ ಚೆಂಡು ಹಿಡಿದು ಎಂಡ್ ಝೋನ್‌ಗೆ ನುಗ್ಗಿದರು, ಮಯಾಮಿ 45, ಬಾಸ್ಟನ್ ಕಾಲೇಜು 41. ಮುಗಿಯಿತು ಅಂತಲೇ ಎಲ್ಲರ ಲೆಕ್ಕ.

ಬಾಸ್ಟನ್ ಕಾಲೇಜಿಗೆ ಚೆಂಡು ಸಿಕ್ಕಿದ್ದು ತನ್ನದೇ 20 ಗಜದ ಗೆರೆಯಲ್ಲಿ. ಮುಂದೆ 80 ಗಜ. ಫ್ಲೂಟಿ ಒಂದು ಎಸೆದರು, 19 ಗಜ. ಇನ್ನೊಂದು, 13 ಗಜ. ಮೂರನೆಯದು ಯಾರ ಕೈಗೂ ಸಿಗಲಿಲ್ಲ. ಈಗ ಚೆಂಡು ಮಯಾಮಿಯ 48 ಗಜದ ಗೆರೆಯಲ್ಲಿ, ಗಡಿಯಾರದಲ್ಲಿ 6 ಸೆಕೆಂಡು.

ಕರೆದ ಆಟದ ಹೆಸರು ‘55 ಫ್ಲಡ್ ಟಿಪ್’. ಅರ್ಥ ಸರಳ. ಚೆಂಡು ಹಿಡಿಯುವವರೆಲ್ಲ ಮೈದಾನದ ಒಂದೇ ಕಡೆಗೆ, ಎಂಡ್ ಝೋನ್‌ಗೆ ಓಡಬೇಕು, ಚೆಂಡು ಸಿಕ್ಕರೆ ಹಿಡಿಯಬೇಕು, ಸಿಗದಿದ್ದರೆ ತಟ್ಟಿ ಪಕ್ಕದವನಿಗೆ ಕೊಡಬೇಕು.

ಫ್ಲೂಟಿ ಚೆಂಡು ಹಿಡಿದು ಹಿಂದೆ ಹಿಂದೆ ಬಂದರು. ಒಬ್ಬ ಹಿಡಿಯೋಕೆ ಬಂದ, ಬಲಕ್ಕೆ ತಪ್ಪಿಸಿಕೊಂಡರು. ಅಷ್ಟು ಹೊತ್ತಿಗೆ ತಮ್ಮದೇ 37 ಗಜದ ಗೆರೆ ಹತ್ತಿರ ಬಂದಿದ್ದರು. ಅಲ್ಲಿಂದ ಒಂದೆರಡು ಹೆಜ್ಜೆ ಮುಂದಕ್ಕೆ ಓಡಿ, ಇಡೀ ಮೈಯನ್ನು ಹಾಕಿ, ಎದುರು ಗಾಳಿಗೆ ಎಸೆದರು. ಮಯಾಮಿಯ ಹಿಂದಿನ ಸಾಲಿನವರು ಅಷ್ಟು ದೂರ ಚೆಂಡು ಬರುವುದಿಲ್ಲ ಅಂತ ಎಂಡ್ ಝೋನ್‌ಗಿಂತ ಸ್ವಲ್ಪ ಮುಂದೆ ನಿಂತಿದ್ದರು. ಚೆಂಡು ಅವರ ತಲೆ ಮೇಲಿಂದ, ಚಾಚಿದ ಕೈಗಳ ಮೇಲಿಂದ ಹೋಯಿತು. ಅವರ ಹಿಂದೆ ಜೆರಾರ್ಡ್ ಫೆಲನ್ ಇದ್ದರು. ಚೆಂಡು ಅವರ ಹೊಟ್ಟೆ ಹತ್ತಿರ ಬಂದು ಕೂತಿತು, ಅದನ್ನು ಅಪ್ಪಿಕೊಂಡೇ ಹಿಂದಕ್ಕೆ ಬಿದ್ದರು. ಬಿದ್ದಿದ್ದು ಎಂಡ್ ಝೋನ್ ಒಳಗೆ.

47-45. ಗಡಿಯಾರದಲ್ಲಿ ಸೊನ್ನೆ.

ಫೆಲನ್ ಬೇರೆ ಯಾರೂ ಅಲ್ಲ, ಕಾಲೇಜಿನಲ್ಲಿ ಫ್ಲೂಟಿಯ ರೂಮ್‌ಮೇಟ್. ಅವತ್ತು ಅವರು 11 ಸಲ ಚೆಂಡು ಹಿಡಿದು 226 ಗಜ ಗಳಿಸಿದ್ದರು. ಫ್ಲೂಟಿ ಹೆಸರು ಎಲ್ಲರ ಬಾಯಲ್ಲಿ ಇದೆ, ಫೆಲನ್ ಹೆಸರು ಅಷ್ಟಿಲ್ಲ, ಇದು ನನಗೆ ಯಾವಾಗಲೂ ಬೇಜಾರು. ಎಸೆತ ಎಷ್ಟೇ ಚೆನ್ನಾಗಿದ್ದರೂ ಹಿಡಿಯುವವನು ಇಲ್ಲದಿದ್ದರೆ ಅದು ಸುಮ್ನೆ ನೆಲಕ್ಕೆ ಬಿದ್ದ ಚೆಂಡು.

ಮಯಾಮಿಯವರ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಅದಕ್ಕೆ ಎರಡು ವಾರ ಮುಂಚೆ, ನವೆಂಬರ್ 10ರಂದು, ಅವರು ಮೇರಿಲ್ಯಾಂಡ್ ವಿರುದ್ಧ 31-0ರಿಂದ ಮುಂದಿದ್ದು 42-40ಕ್ಕೆ ಸೋತಿದ್ದರು. ಅದರ ಗಾಯ ಆರುವ ಮೊದಲೇ ಇದು. 1986ರಲ್ಲಿ ಶಾರ್ಜಾದಲ್ಲಿ ಚೇತನ್ ಶರ್ಮಾ ಹಾಕಿದ ಕೊನೇ ಬಾಲಿಗೆ ಮಿಯಾಂದಾದ್ ಸಿಕ್ಸರ್ ಹೊಡೆದಾಗ ನಮ್ಮ ಮನೆಗಳಲ್ಲಿ ಎಂಥ ಮೌನ ಇತ್ತು ಅಂತ ನೆನಪಿರುವವರಿಗೆ ಅವತ್ತಿನ ಮಯಾಮಿ ಹೇಗಿತ್ತು ಅಂತ ಹೇಳಬೇಕಾಗಿಲ್ಲ.

ಅದನ್ನು ಹೇಲ್ ಮೇರಿ ಅಂತ ಯಾಕೆ ಕರೀತಾರೆ?

ಹೇಲ್ ಮೇರಿ ಅಂದರೆ ಕ್ಯಾಥೊಲಿಕ್ಕರ ಪ್ರಾರ್ಥನೆ, ನಮ್ಮ ಕಡೆ ಚರ್ಚುಗಳಲ್ಲಿ ‘ನಮೋ ಮರಿಯಾ’ ಅಂತ ಹೇಳುತ್ತಾರಲ್ವಾ, ಅದೇ. ಇನ್ನೇನೂ ದಾರಿ ಇಲ್ಲದಾಗ ಮಾತೆಯನ್ನು ನೆನೆದು ದೂರಕ್ಕೆ ಎಸೆಯುವ ಎಸೆತ. ಈ ಹೆಸರನ್ನು ಮನೆಮಾತು ಮಾಡಿದವರು ರೋಜರ್ ಸ್ಟಾಬಾಕ್, 1975ರ ಡಿಸೆಂಬರ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ ಅಂಥದ್ದೇ ಎಸೆತದಿಂದ ಗೆಲುವು ತಂದಾಗ. ಅವರೂ ಹೈಸ್‌ಮನ್ ಗೆದ್ದ ಕ್ವಾರ್ಟರ್‌ಬ್ಯಾಕೇ, 1963ರಲ್ಲಿ, ನೌಕಾದಳದ ಅಕಾಡೆಮಿಗೆ ಆಡುತ್ತಿದ್ದಾಗ. ಫ್ಲೂಟಿಯದ್ದು ಕ್ಯಾಥೊಲಿಕ್ ಕಾಲೇಜು ಬೇರೆ, ಹಾಗಾಗಿ ಹೆಸರು ಅವರ ಎಸೆತಕ್ಕೂ ಅಂಟಿಕೊಂಡಿತು.

ಆ ಎಸೆತದಿಂದಲೇ ತಾನೇ ಹೈಸ್‌ಮನ್ ಸಿಕ್ಕಿದ್ದು?

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಉತ್ತರ: ಅಲ್ಲ.

ಹೈಸ್‌ಮನ್ ಅಂದರೆ ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ. 1935ರಲ್ಲಿ ನ್ಯೂಯಾರ್ಕ್‌ನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್ ಶುರು ಮಾಡಿದ್ದು. ಮತ ಹಾಕುವವರು ಕ್ರೀಡಾ ಪತ್ರಕರ್ತರು ಮತ್ತು ಹಿಂದೆ ಗೆದ್ದವರು. ಮಯಾಮಿ ಪಂದ್ಯ ನಡೆಯುವ ಹೊತ್ತಿಗೆ ಬಹಳಷ್ಟು ಮತಪತ್ರಗಳು ಆಗಲೇ ಹೋಗಿದ್ದವು, ಫ್ಲೂಟಿ ಆಗಲೇ ಎಲ್ಲರಿಗಿಂತ ಮುಂದಿದ್ದರು. ಡಿಸೆಂಬರ್ 1ರಂದು ಫಲಿತಾಂಶ ಬಂದಾಗ ಇವರಿಗೆ 2,240 ಅಂಕ, ಎರಡನೇ ಸ್ಥಾನದ ಒಹಾಯೊ ಸ್ಟೇಟ್‌ನ ಕೀತ್ ಬಾಯರ್ಸ್‌ಗೆ 1,251. ಇಷ್ಟು ದೊಡ್ಡ ಅಂತರ ಒಂದು ಎಸೆತದಿಂದ ಬರುವುದಿಲ್ಲ.

ಆ ನಾಲ್ಕು ವರ್ಷದ ಲೆಕ್ಕ ನೋಡಿ. ಒಟ್ಟು 10,579 ಗಜ ಎಸೆದಿದ್ದಾರೆ. ಕಾಲೇಜು ಆಟದ ಮೇಲಿನ ಮಟ್ಟದಲ್ಲಿ 10,000 ಗಜ ದಾಟಿದ ಮೊದಲ ಆಟಗಾರ ಇವರೇ. 1984ರಲ್ಲೇ ಅಲಬಾಮಾದಂಥ ಹಳೇ ಹುಲಿಯನ್ನು ಅವರ ರಾಜ್ಯಕ್ಕೇ ಹೋಗಿ 38-31ರಿಂದ ಸೋಲಿಸಿದ್ದರು. ಇನ್ನೊಂದು ವಿಷಯ, 1973ರಿಂದ 1983ರವರೆಗೆ ಸತತ 11 ವರ್ಷ ಹೈಸ್‌ಮನ್ ಹೋಗಿದ್ದು ಚೆಂಡು ಹಿಡಿದು ಓಡುವವರಿಗೇ. 1971ರ ಪ್ಯಾಟ್ ಸಲಿವನ್ ನಂತರ ಮತ್ತೆ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ಸಿಕ್ಕಿದ್ದು ಈ 5 ಅಡಿ 10 ಇಂಚಿನ ಹುಡುಗನಿಗೆ. 1985ರ ಹೊಸವರ್ಷದ ದಿನ ಕಾಟನ್ ಬೌಲ್‌ನಲ್ಲಿ ಹ್ಯೂಸ್ಟನ್ ವಿರುದ್ಧ 45-28ರಿಂದ ಗೆದ್ದು ಕಾಲೇಜು ಆಟ ಮುಗಿಸಿದರು.

ಬಾಸ್ಟನ್ ಕಾಲೇಜಿಗೆ ಅದಕ್ಕೆ ಮುಂಚೆ ಹೈಸ್‌ಮನ್ ಬಂದಿರಲಿಲ್ಲ, ಆಮೇಲೆ ಇನ್ನೊಂದು ಬಂದಿಲ್ಲ.

1984ರಲ್ಲೇ ಇಷ್ಟು ಹೆಸರಾದವರಿಗೆ ಹಾಲ್ ಆಫ್ ಫೇಮ್ 2007ರವರೆಗೆ ಯಾಕೆ ತಡವಾಯ್ತು?

ಯಾರೂ ತಡ ಮಾಡಲಿಲ್ಲ. ಇವರು ಆಟ ನಿಲ್ಲಿಸಲಿಲ್ಲ, ಅಷ್ಟೇ!

ಹಾಲ್ ಆಫ್ ಫೇಮ್ ನಡೆಸುವುದು ನ್ಯಾಷನಲ್ ಫುಟ್‌ಬಾಲ್ ಫೌಂಡೇಶನ್. ನಿಯಮಗಳು ಕಟ್ಟುನಿಟ್ಟು. ಆಟಗಾರ ಯಾವುದಾದರೂ ಒಂದು ವರ್ಷ ದೇಶದ ಮೊದಲ ದರ್ಜೆಯ ಆಲ್ ಅಮೆರಿಕ ತಂಡಕ್ಕೆ ಆಯ್ಕೆಯಾಗಿರಬೇಕು. ಕಾಲೇಜು ಆಟ ಮುಗಿಸಿ 10 ವರ್ಷ ಆಗಿರಬೇಕು. ಇನ್ನೂ ವೃತ್ತಿಪರ ಆಟ ಆಡುತ್ತಿದ್ದರೆ ಆಗುವುದಿಲ್ಲ. ಲೆಕ್ಕಕ್ಕೆ ತಗೊಳ್ಳುವುದು ಮುಖ್ಯವಾಗಿ ಕಾಲೇಜಿನ ಆಟವನ್ನು, ಆಮೇಲೆ ವೃತ್ತಿಯಲ್ಲಿ ಏನು ಗಳಿಸಿದರು ಅನ್ನುವುದನ್ನಲ್ಲ.

ಫ್ಲೂಟಿ ಕೊನೇ ಪಂದ್ಯ ಆಡಿದ್ದು 2006ರ ಜನವರಿಯಲ್ಲಿ, 43ನೇ ವಯಸ್ಸಲ್ಲಿ. ಮರುವರ್ಷವೇ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಇಪ್ಪತ್ತೆರಡು ವರ್ಷ ಹಿಂದಿನ ಕಾಲೇಜು ಆಟವನ್ನು ಆಯ್ಕೆ ಮಾಡುವವರು ಒಂದು ವರ್ಷವೂ ಮರೆತಿರಲಿಲ್ಲ ಅಂತ ನನಗೆ ಇದರಲ್ಲಿ ಕಾಣುತ್ತದೆ.

ಆಗ ಆ ಸಂಗ್ರಹಾಲಯ ಇದ್ದಿದ್ದು ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ. 2014ರಿಂದ ಅಟ್ಲಾಂಟಾದಲ್ಲಿದೆ.

ಕಾಲೇಜು ಮುಗಿದ ಮೇಲೆ ಏನಾಯ್ತು?

ಅಳತೆಯ ಮಾತು ಮತ್ತೆ ಶುರುವಾಯಿತು. ಮೊದಲು ಯುಎಸ್‌ಎಫ್‌ಎಲ್ ಅನ್ನುವ ಹೊಸ ಲೀಗ್‌ನ ನ್ಯೂಜೆರ್ಸಿ ಜನರಲ್ಸ್ ಸೇರಿದರು. ಅದರ ಮಾಲೀಕರು ಡೊನಾಲ್ಡ್ ಟ್ರಂಪ್, ಹೌದು, ಅವರೇ. ಆ ಲೀಗ್ ಬೇಗ ಮುಚ್ಚಿತು. ಎನ್‌ಎಫ್‌ಎಲ್ ಅಂದರೆ ಅಮೆರಿಕದ ದೊಡ್ಡ ವೃತ್ತಿಪರ ಲೀಗ್, ಅದರ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಇವರ ಹೆಸರು ಬಂದಿದ್ದು 11ನೇ ಸುತ್ತಿನಲ್ಲಿ, 285ನೆಯವರಾಗಿ. ಆಗಲೇ ಬೇರೆ ಲೀಗ್ ಸೇರಿದ್ದು ಒಂದು ಕಾರಣ. ಆಮೇಲೆ ಶಿಕಾಗೊ ಬೇರ್ಸ್, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಎರಡೂ ಕಡೆ ಕಾಯಂ ಜಾಗ ಸಿಗಲಿಲ್ಲ. 1990ರಲ್ಲಿ ಕೆನಡಾಕ್ಕೆ ಹೊರಟರು.

ಕೆನಡಾದಲ್ಲಿ ಅಷ್ಟು ಮಿಂಚಿದ್ದು ಹೇಗೆ?

ಅಲ್ಲಿನ ಆಟವೇ ಇವರಿಗೆ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಮೈದಾನ 110 ಗಜ ಉದ್ದ, 65 ಗಜ ಅಗಲ, ಅಮೆರಿಕದಲ್ಲಿ ಅಗಲ 53 ಗಜ ಚಿಲ್ಲರೆ. ತಂಡಕ್ಕೆ 12 ಜನ. ನಾಲ್ಕರ ಬದಲು ಮೂರೇ ಅವಕಾಶ, ಹಾಗಾಗಿ ಎಸೆಯುವುದು ಜಾಸ್ತಿ. ಅಗಲ ಜಾಸ್ತಿ ಇದ್ದಷ್ಟೂ ಪಕ್ಕಕ್ಕೆ ಓಡಿ ಎಸೆಯುವವನಿಗೆ ಜಾಗ ಜಾಸ್ತಿ. ಅಲ್ಲಿ ಗೋಡೆಯ ಮೇಲಿಂದ ಇಣುಕುವ ಕಷ್ಟ ಕಮ್ಮಿ.

ಎಂಟು ವರ್ಷ ಆಡಿದರು, ಬಿ.ಸಿ. ಲಯನ್ಸ್, ಕ್ಯಾಲ್ಗರಿ, ಟೊರಾಂಟೊ ತಂಡಗಳಿಗೆ. ಆರು ಸಲ ಲೀಗ್‌ನ ಅತ್ಯುತ್ತಮ ಆಟಗಾರ. 1991ರಲ್ಲಿ ಒಂದೇ ಸೀಸನ್‌ನಲ್ಲಿ 6,619 ಗಜ ಎಸೆದರು. ಗ್ರೇ ಕಪ್ ಅಂದರೆ ಅಲ್ಲಿನ ಫೈನಲ್, ಅದನ್ನು 1992, 1996, 1997ರಲ್ಲಿ ಗೆದ್ದರು, ಮೂರರಲ್ಲೂ ಪಂದ್ಯದ ಶ್ರೇಷ್ಠ ಆಟಗಾರ ಇವರೇ. 1996ರದ್ದು ಹ್ಯಾಮಿಲ್ಟನ್‌ನಲ್ಲಿ ಸುರಿಯುವ ಹಿಮದಲ್ಲಿ ನಡೆದ ಪಂದ್ಯ, ಗೆರೆಗಳೇ ಕಾಣದಂಥ ಹಿಮ, ಅದರಲ್ಲಿ ಟೊರಾಂಟೊ 43-37ರಿಂದ ಗೆದ್ದಿತು. ಟೊರಾಂಟೊದಲ್ಲಿ ಇರುವ ಕನ್ನಡದವರು ಯಾರಾದರೂ ಓದುತ್ತಿದ್ದರೆ ಆಫೀಸಿನ ಹಳಬರನ್ನು ಕೇಳಿ ನೋಡಿ, ಅವರಿಗೆ ಫ್ಲೂಟಿ ಅಂದರೆ ಮಯಾಮಿ ಎಸೆತ ಅಲ್ಲ, ಈ ವರ್ಷಗಳೇ.

2006ರಲ್ಲಿ ಕೆನಡಾದ ಟಿಎಸ್‌ಎನ್ ವಾಹಿನಿ ಆ ಲೀಗ್‌ನ ಎಲ್ಲ ಕಾಲದ 50 ಶ್ರೇಷ್ಠರ ಪಟ್ಟಿ ಮಾಡಿತು, ಮೊದಲ ಹೆಸರು ಇವರದ್ದು. 2008ರಲ್ಲಿ ಕೆನಡಾದ ಫುಟ್‌ಬಾಲ್ ಹಾಲ್ ಆಫ್ ಫೇಮ್ ಕೂಡ ಸೇರಿದರು.

ಹಾಗಾದ್ರೆ ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ನಲ್ಲಿ ಯಾಕಿಲ್ಲ?

ಒಹಾಯೊದ ಕ್ಯಾಂಟನ್‌ನಲ್ಲಿರುವುದು ವೃತ್ತಿಪರ ಫುಟ್‌ಬಾಲಿನದ್ದು. ಎನ್‌ಎಫ್‌ಎಲ್‌ನಲ್ಲಿ ಫ್ಲೂಟಿಗೆ ಒಂದೇ ಉದ್ದಕ್ಕೆ ಆಡೋಕೆ ಸಿಕ್ಕ ವರ್ಷಗಳು ಕಮ್ಮಿ. 1998ರಲ್ಲಿ ಎನ್‌ಎಫ್‌ಎಲ್‌ಗೆ ವಾಪಸ್ ಬಂದು ಬಫಲೊ ಬಿಲ್ಸ್ ಸೇರಿ, 36ರ ವಯಸ್ಸಲ್ಲಿ ಪ್ರೊ ಬೌಲ್‌ಗೆ, ಅಂದರೆ ಆ ಲೀಗ್‌ನ ಅತ್ಯುತ್ತಮರ ಪಂದ್ಯಕ್ಕೆ, ಆಯ್ಕೆಯಾದರು. ಮರುವರ್ಷ ತಂಡವನ್ನು ಪ್ಲೇಆಫ್ ತನಕ ತಂದರು, ಪ್ಲೇಆಫ್ ಪಂದ್ಯಕ್ಕೆ ಮಾತ್ರ ಇವರನ್ನು ಕೂರಿಸಿ ಬೇರೆಯವರನ್ನು ಆಡಿಸಿದರು, ತಂಡ 22-16ರಿಂದ ಸೋತಿತು. ಆ ನಿರ್ಧಾರ ತಪ್ಪು ಅಂತ ನನ್ನ ಅಭಿಪ್ರಾಯ. ಬಫಲೊದಲ್ಲಿ ಇವತ್ತಿಗೂ ಇದರ ಬಗ್ಗೆ ಜಗಳ ಆಗುತ್ತದೆ.

ಡ್ರಾಪ್ ಕಿಕ್ ಅಂತ ಏನೋ ಹೇಳ್ತಾರಲ್ಲ?

2006ರ ಜನವರಿ 1. ಪೇಟ್ರಿಯಟ್ಸ್ ತಂಡಕ್ಕೆ ಫ್ಲೂಟಿಯ ಕೊನೇ ಆಟ, ಎದುರಾಳಿ ಮತ್ತೆ ಮಯಾಮಿ, ಈ ಸಲ ವೃತ್ತಿಪರ ತಂಡ ಡಾಲ್ಫಿನ್ಸ್. ಟಚ್‌ಡೌನ್ ಆದಮೇಲೆ ಒಂದು ಹೆಚ್ಚುವರಿ ಅಂಕಕ್ಕೆ ಚೆಂಡನ್ನು ಕಂಬಗಳ ನಡುವೆ ಒದೆಯಬೇಕು, ಸಾಮಾನ್ಯವಾಗಿ ಒಬ್ಬ ಚೆಂಡನ್ನು ನೆಲದ ಮೇಲೆ ಹಿಡಿದಿರುತ್ತಾನೆ, ಇನ್ನೊಬ್ಬ ಒದೆಯುತ್ತಾನೆ. ಡ್ರಾಪ್ ಕಿಕ್‌ನಲ್ಲಿ ಹಿಡಿಯುವವನು ಇರುವುದಿಲ್ಲ. ಚೆಂಡನ್ನು ತಾನೇ ಕೈಯಿಂದ ಬಿಡಬೇಕು, ಅದು ನೆಲ ಮುಟ್ಟಿ ಪುಟಿಯುವ ಕ್ಷಣಕ್ಕೇ ಒದೆಯಬೇಕು. ಚೂಪು ತುದಿಯ ಚೆಂಡು ಎತ್ತ ಪುಟಿಯುತ್ತದೆ ಅಂತ ಹೇಳೋಕೆ ಬರುವುದಿಲ್ಲ, ಅದಕ್ಕೇ ಇದನ್ನು ಎಲ್ಲರೂ ಬಿಟ್ಟುಬಿಟ್ಟಿದ್ದರು. ಎನ್‌ಎಫ್‌ಎಲ್‌ನಲ್ಲಿ ಅದಕ್ಕೆ ಮುಂಚೆ ಇದು ಆಗಿದ್ದು 1941ರಲ್ಲಿ.

ಫ್ಲೂಟಿ ಚೆಂಡು ಬಿಟ್ಟರು, ಒದ್ದರು, ನೆಟ್ಟಗೆ ಹೋಯಿತು. ಸುಲಭಕ್ಕೆ ನಗದ ಕೋಚ್ ಬಿಲ್ ಬೆಲಿಚಿಕ್ ಅವತ್ತು ಮುಖ ತುಂಬ ನಕ್ಕರು. ಪಂದ್ಯ ಸೋತರು, ಆದರೆ ಅದನ್ನು ನೆನಪಿಟ್ಟುಕೊಂಡವರು ಯಾರೂ ಇಲ್ಲ.

‘ಫ್ಲೂಟಿ ಎಫೆಕ್ಟ್’ ನಿಜವಾ?

ಆ ಪಂದ್ಯದ ಸುತ್ತಮುತ್ತಲಿನ ಎರಡು ವರ್ಷಗಳಲ್ಲಿ ಬಾಸ್ಟನ್ ಕಾಲೇಜಿಗೆ ಅರ್ಜಿಗಳು ಸುಮಾರು ಶೇ 16, ಆಮೇಲೆ ಶೇ 12ರಷ್ಟು ಏರಿದವು. ಆಟದಲ್ಲಿ ಗೆದ್ದರೆ ಕಾಲೇಜಿಗೆ ಓದೋಕೆ ಬರುವವರು ಹೆಚ್ಚಾಗುತ್ತಾರೆ ಅನ್ನುವುದಕ್ಕೆ ಅಮೆರಿಕದಲ್ಲಿ ಈಗಲೂ ಇದೇ ಹೆಸರು. ಆದರೆ ಪೂರ್ತಿ ಶ್ರೇಯ ಒಂದು ಎಸೆತಕ್ಕೆ ಕೊಡೋಕೆ ಕಾಲೇಜಿನವರೇ ಒಪ್ಪುವುದಿಲ್ಲ. ಹೊಸ ಹಾಸ್ಟೆಲ್‌ಗಳು, ಹೊಸ ಕಟ್ಟಡಗಳು, ಹೆಚ್ಚಿನ ಸ್ಕಾಲರ್‌ಶಿಪ್, ಇದೆಲ್ಲ ಅದಕ್ಕೆ ಮೊದಲೇ ಶುರುವಾಗಿತ್ತು. ನನಗೆ ಕಾಲೇಜಿನವರ ಮಾತೇ ಸರಿ ಅನ್ನಿಸುತ್ತದೆ. ಟಿವಿಯಲ್ಲಿ ಹೆಸರು ಕೇಳಿ ವಿಚಾರಿಸಿದವರು ಬಹಳ ಇದ್ದಿರಬಹುದು, ವಿಚಾರಿಸಿದಾಗ ಅಲ್ಲಿ ತೋರಿಸೋಕೆ ಏನಾದರೂ ಇರಬೇಕಲ್ಲ.

ಫ್ಲೂಟಿ ಫ್ಲೇಕ್ಸ್ ಅಂದ್ರೆ ತಿನ್ನೋದಾ?

ಹೌದು, ಹಾಲಿಗೆ ಹಾಕಿಕೊಂಡು ತಿನ್ನುವ ಕಾರ್ನ್‌ಫ್ಲೇಕ್ಸ್ ತರದ್ದು, ಮೇಲೆ ಫ್ಲೂಟಿ ಚಿತ್ರ. 1998ರಲ್ಲಿ ಬಫಲೊದಲ್ಲಿ ಬಂತು. ಅದರ ಹಿಂದಿನ ಕಾರಣ ದೊಡ್ಡದು. ಫ್ಲೂಟಿಯವರ ಮಗನಿಗೆ ಮೂರನೇ ವಯಸ್ಸಲ್ಲಿ ಆಟಿಸಂ ಅಂತ ಗೊತ್ತಾಯಿತು. ಡಗ್ ಮತ್ತು ಅವರ ಹೆಂಡತಿ ಮಗನ ಹೆಸರಲ್ಲಿ ಒಂದು ಫೌಂಡೇಶನ್ ಕಟ್ಟಿದರು, ಆಟಿಸಂ ಇರುವವರಿಗೆ ಮತ್ತು ಅವರ ಮನೆಯವರಿಗೆ ನೆರವಾಗೋಕೆ. ಫ್ಲೇಕ್ಸ್ ಮಾರಿ ಬಂದ ಲಾಭದಲ್ಲಿ ಪಾಲು ಅದಕ್ಕೆ ಹೋಗುತ್ತಿತ್ತು.

ಜಿಮ್ಮಿ ಜಾನ್ಸನ್ ಮತ್ತೆ ಬರುತ್ತಾರೆ ಅಂದಿದ್ದೆನಲ್ಲ. 1999ರ ಜನವರಿಯಲ್ಲಿ ಅವರು ಡಾಲ್ಫಿನ್ಸ್ ಕೋಚ್. ಪ್ಲೇಆಫ್‌ನಲ್ಲಿ ಫ್ಲೂಟಿಯ ಬಫಲೊವನ್ನು 24-17ರಿಂದ ಸೋಲಿಸಿದ ಖುಷಿಯಲ್ಲಿ ಡ್ರೆಸಿಂಗ್ ರೂಮಿನಲ್ಲಿ ಈ ಫ್ಲೇಕ್ಸ್ ನೆಲಕ್ಕೆ ಸುರಿದು ಎಲ್ಲರೂ ತುಳಿದರು. ಫ್ಲೂಟಿಗೆ ಬಹಳ ನೋವಾಯಿತು, ತಮ್ಮ ಸೋಲಿಗಲ್ಲ, ಆ ಡಬ್ಬಿ ಯಾವುದಕ್ಕಾಗಿ ಇತ್ತೋ ಅದಕ್ಕೆ. ಜಾನ್ಸನ್ ಆಮೇಲೆ ಕ್ಷಮೆ ಕೇಳಿದರು.

ನಮ್ಮ ಕಡೆ ಮನೆಯಲ್ಲಿ ಇಂಥ ಮಗು ಇದ್ದರೆ ಮದುವೆ ಮುಂಜಿಗೆ ಕರೆತರದೆ ಒಳಗೇ ಇಡುವವರು ಈಗಲೂ ಇದ್ದಾರೆ. ಆ ಕಾಲದಲ್ಲಿ ಇಷ್ಟು ಹೆಸರಿದ್ದ ಒಬ್ಬ ಅಪ್ಪ ಬಾಯಿಬಿಟ್ಟು ಎಲ್ಲರ ಮುಂದೆ ಹೇಳಿದ್ದು, ಮಗನ ಹೆಸರನ್ನೇ ಸಂಸ್ಥೆಗೆ ಇಟ್ಟಿದ್ದು, ನನಗೆ ಆ ಎಸೆತಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇದನ್ನೆಲ್ಲ ನೋಡೋಕೆ ಎಲ್ಲಿಗೆ ಹೋಗ್ಬೇಕು?

ಫ್ಲೂಟಿ ಪಾಸ್ ರಸ್ತೆಯಲ್ಲಿ ಬೋರ್ಡ್ ಬಿಟ್ಟರೆ ಜಾಸ್ತಿ ಏನಿಲ್ಲ. ಬಾಸ್ಟನ್ ಕಾಲೇಜಿಗೆ ಹೋಗಿ. ಅವರ 22 ನಂಬರ್ ಜೆರ್ಸಿಯನ್ನು ಕಾಲೇಜು ನಿವೃತ್ತಿಗೊಳಿಸಿದೆ. 2008ರ ನವೆಂಬರ್‌ನಲ್ಲಿ ಅಲುಮ್ನಾಯ್ ಸ್ಟೇಡಿಯಂ ಹೊರಗೆ ಅವರ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ, ಮಯಾಮಿಯಲ್ಲಿ ಎಸೆದ ಅದೇ ಭಂಗಿ. ಮಯಾಮಿಯ ಆರೆಂಜ್ ಬೌಲ್ ನೋಡಬೇಕು ಅಂದರೆ ಆಗುವುದಿಲ್ಲ, ಅದನ್ನು 2008ರಲ್ಲೇ ಕೆಡವಿದರು.

ಕಾರು ಬೇಕಾಗಿಲ್ಲ. ಬಾಸ್ಟನ್ ಪೇಟೆಯಿಂದ ಗ್ರೀನ್ ಲೈನ್‌ನ ಬಿ ಟ್ರೈನ್ ಹತ್ತಿ, ಕೊನೇ ಸ್ಟಾಪಿನ ಹೆಸರೇ ಬಾಸ್ಟನ್ ಕಾಲೇಜ್. ಅಲ್ಲಿಂದ ನಡೆದೇ ಹೋಗಬಹುದು. ಪಂದ್ಯ ಇರುವ ಶನಿವಾರ ಬಿಟ್ಟು ಬೇರೆ ದಿನ ಹೋದರೆ ಪ್ರತಿಮೆ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳೋಕೆ ಸರದಿ ಕಾಯಬೇಕಾಗುವುದಿಲ್ಲ.